ಬೆಂಡು ಕಟ್ಟಿದ ಬೀಗದ ಕೈ

ಇಂಗೆಲಾ ಹೆಲ್ಗ್ರೆನ್ ಮೂವತ್ತೊಂದು ವರ್ಷದಿಂದ ಸತ್ತವರ ಕಡೆಯವರನ್ನು ಹುಡುಕುತ್ತಿದ್ದಳು. ನಗರಸಭೆ ಅವಳಿಗೆ ಸಂಬಳ ಕೊಡುತ್ತಿದ್ದುದೇ ಅದಕ್ಕೆ. ಒಂಟಿಯಾಗಿದ್ದ ಯಾರೋ ತೀರಿಕೊಂಡರು, ಅಳಲು ಒಬ್ಬರೂ ಬರಲಿಲ್ಲ ಎಂದರೆ ಕಡತ ಅವಳ ಮೇಜಿಗೆ ಬರುತ್ತಿತ್ತು. ಅವಳು ಮಗನನ್ನೋ, ತಂಗಿಯನ್ನೋ, ಏನೂ ಇಲ್ಲವೆಂದರೆ ಸೋದರತ್ತೆಯ ಮೊಮ್ಮಗನನ್ನಾದರೂ ಎಲ್ಲಿಂದಲೋ ಎಳೆದು ತರುತ್ತಿದ್ದಳು. ಸ್ವೀಡನ್ನಿನಲ್ಲಿ ಅದೇನು ಬ್ರಹ್ಮವಿದ್ಯೆಯಲ್ಲ. ಇಲ್ಲಿ ಕೂಸಿಗೆ ಹೆಸರಿಡುವ ಮೊದಲೇ ಜನ್ಮಸಂಖ್ಯೆ ಬಿದ್ದಿರುತ್ತದೆ. ಆ ಸಂಖ್ಯೆಯೊಂದು ಕೈಯಲ್ಲಿದ್ದರೆ ಸಾಕು, ಆತ ಎಲ್ಲಿ ಮಲಗುತ್ತಾನೆ, ಯಾರನ್ನು ಕಟ್ಟಿಕೊಂಡ, ಯಾರನ್ನು ಬಿಟ್ಟ, ಯಾವ ನಾಯಿ ಸಾಕಿದ, ಎಲ್ಲವೂ ಗೊತ್ತಾಗುತ್ತದೆ. ದಾರಿಯಲ್ಲಿ ಹೋಗುವ ದಾಸಯ್ಯ ಫೋನ್ ಮಾಡಿ ಕೇಳಿದರೂ, ಆ ಪಟ್ಟಿಯನ್ನೆಲ್ಲ ಇಟ್ಟುಕೊಂಡಿರುವ ತೆರಿಗೆ ಕಚೇರಿಯವರು ಬೇಸರವಿಲ್ಲದೆ ಹೇಳುತ್ತಾರೆ.

"ಈ ದೇಶದಲ್ಲಿ ಕಳೆದುಹೋಗ್ಬೇಕು ಅಂದ್ರೂ ಆಗಲ್ಲ" ಎಂದು ಅವಳು ಕೆಲಸಕ್ಕೆ ಸೇರಿದ ಹೊಸಬರಿಗೆ ಹೇಳುತ್ತಿದ್ದಳು. ಹೇಳುವಾಗ ಮುಖದಲ್ಲಿ ಹೆಮ್ಮೆ ಇರುತ್ತಿತ್ತು. ಹೆಮ್ಮೆಪಡುವಂಥ ಕೆಲಸವನ್ನು ಅವಳು ಮಾಡಿದ್ದಳು ಕೂಡ, ಅದನ್ನು ಇಲ್ಲವೆನ್ನಬಾರದು. ಆದರೆ ದಾಖಲೆಯ ವಿಷಯದಲ್ಲಿ ಮಾತ್ರ ಅವಳದು ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿ. ದಾಖಲೆ ಇದೆ ಎಂದರೆ ಇದೆ. ಇಲ್ಲ ಎಂದರೆ, ಎದುರಿಗೆ ಬಂದು ನಿಂತರೂ ಇಲ್ಲ.

ಆ ವರ್ಷ ಮಾರ್ಚ್ ಒಂಬತ್ತರಂದು ಎವರ್ಟ್ ಸಾಂದಿನ್ ಎನ್ನುವ ಮುದುಕ ತನ್ನ ಮೂರನೇ ಮಹಡಿಯ ಮನೆಯಲ್ಲಿ ಸತ್ತು ಬಿದ್ದಿದ್ದು ಗೊತ್ತಾಯಿತು. ಎಂಬತ್ತೆಂಟು ವಯಸ್ಸು, ಹಡಗು ಕಟ್ಟುವ ಕಾರ್ಖಾನೆಯಲ್ಲಿ ಕ್ರೇನ್ ನಡೆಸಿ ನಿವೃತ್ತನಾದವನು. ಗೊತ್ತಾಗಿದ್ದು ಹೇಗೆಂದರೆ, ಕೆಳಮನೆಯವರು ವಾಸನೆಯೆಂದು ದೂರು ಕೊಟ್ಟರು. ಬಾಡಿಗೆ, ಕರೆಂಟು ಬಿಲ್ಲು ಎಲ್ಲ ಬ್ಯಾಂಕಿನಿಂದ ತಾನಾಗಿಯೇ ಕಟ್ಟಿಹೋಗುತ್ತಿದ್ದುದರಿಂದ ಬೇರೆ ಯಾರಿಗೂ ಅವನ ಸಾವು ತಾಗಿರಲಿಲ್ಲ.

ಪೊಲೀಸರು ಹೆಣ ಸಾಗಿಸಿದ ಮೇಲೆ ಇಂಗೆಲಾ ಮತ್ತು ಅವಳ ಜೊತೆಯವನಾದ ತೂರೆ ಆ ಮನೆಗೆ ಹೋದರು. ಸತ್ತವರ ಮನೆಗೆ ಒಬ್ಬರೇ ಹೋಗುವಂತಿಲ್ಲ, ಇಬ್ಬರು ಹೋಗಬೇಕು ಎನ್ನುವುದು ಕಾನೂನು. ತೂರೆ ಮೀನುಗಾರರ ಮನೆಯಲ್ಲಿ ಹುಟ್ಟಿ ಮೀನಿನ ವಾಸನೆಗೆ ಹೇಸಿ ಕಚೇರಿ ಸೇರಿದವನು. ಕಿಟಕಿಗಳನ್ನೆಲ್ಲ ತೆರೆದು, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಇಬ್ಬರೂ ಕಾಗದಪತ್ರ ಹುಡುಕಿದರು. ಬಾಗಿಲ ಹಿಂದೆ ಫೆಬ್ರುವರಿ ಮೂರರಿಂದ ಬಂದ ಪತ್ರಿಕೆಗಳು ರಾಶಿ ಬಿದ್ದಿದ್ದವು. ಅಡುಗೆಮನೆಯ ಗೋಡೆಯಲ್ಲಿ ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರಿನಲ್ಲಿ ಫೆಬ್ರುವರಿ ಎರಡು ಹಾಗೇ ಉಳಿದಿತ್ತು. ವಿಳಾಸದ ಪುಸ್ತಕವಿರಲಿಲ್ಲ, ಪತ್ರಗಳಿರಲಿಲ್ಲ. ಕಪಾಟಿನಲ್ಲಿ ಒಂದು ಫೋಟೊ ಸಿಕ್ಕಿತು: ಕಟ್ಟೆಯ ಮೇಲೆ ಒಬ್ಬ ಹೆಂಗಸು, ಮಡಿಲಲ್ಲಿ ಹಲ್ಲು ಬಿದ್ದ, ಅಗಲ ಹಣೆಯ ಹುಡುಗಿ. ಹಿಂದೆ ಹೆಸರು ಬರೆದಿರಲಿಲ್ಲ. ಬಾಗಿಲ ಪಕ್ಕದ ಮೊಳೆಯಲ್ಲಿ ಒಂದು ದೊಡ್ಡ ಹಳೇ ಬೀಗದ ಕೈ ನೇತಾಡುತ್ತಿತ್ತು. ಅದಕ್ಕೆ ಹಗ್ಗದಲ್ಲಿ ಮುಷ್ಟಿಗಾತ್ರದ ಬೆಂಡು ಕಟ್ಟಿತ್ತು.

ತೂರೆ ಅದನ್ನು ಕೈಗೆ ತೆಗೆದುಕೊಂಡು ತೂಗಿ ನೋಡಿದ. "ನೋಡಿಲ್ಲಿ ಮಾರಾಯ್ತಿ. ನೀರಿಗೆ ಬಿದ್ರೆ ಮುಳುಗ್ಬಾರ್ದು ಅಂತ ಕಟ್ಟಿರೋದು. ಈ ಮುದುಕನಿಗೆ ಎಲ್ಲೋ ದೋಣಿ ಇಡೋ ದೋಣಿಮನೆ ಇದೆ."

"ಅವನ ಸಂಖ್ಯೆ ಹಾಕಿ ನೋಡಿ ಆಯ್ತು. ಜಾಗ ಇಲ್ಲ, ದೋಣಿ ಇಲ್ಲ, ಮದುವೆ ಇಲ್ಲ, ಮಕ್ಕಳಿಲ್ಲ."

"ಅಂಗೈ ಹುಣ್ಣಿಗೆ ಕನ್ನಡಿ ಬೇಕಾ?"

"ನಿನ್ನ ಅಂಗೈ ನೋಡ್ಕೊಂಡು ನಾನು ಆಸ್ತಿ ಬರೆಯೋಕಾಗುತ್ತಾ? ಸುಮ್ನೆ ಕವರಿಗೆ ಹಾಕು."

ಬೀಗದ ಕೈ, ಫೋಟೊ ಎರಡನ್ನೂ ಕವರಿಗೆ ಹಾಕಿ ಅವಳು ಮೇಲೆ ಬರೆದಳು: ಒಂದು ಬೀಗದ ಕೈ, ಯಾವ ಬೀಗದ್ದೆಂದು ತಿಳಿಯದು, ಒಂದು ಫೋಟೊ, ಯಾರದೆಂದು ತಿಳಿಯದು. ಕಾಯಬೇಕಾದಷ್ಟು ದಿನ ಕಾದರು. ಯಾರೂ ಬರಲಿಲ್ಲ. ಏಪ್ರಿಲ್ ಮೊದಲ ವಾರ ದಹನವಾಯಿತು. ಕಡತದಲ್ಲಿ ಇಂಗೆಲಾ ಕೊನೆಯ ಸಾಲು ಬರೆದಳು: ಬಂಧುಗಳಿಲ್ಲ, ಬೂದಿ ನೆನಪಿನ ತೋಪಿಗೆ.

ನೆನಪಿನ ತೋಪು ಎಂದರೆ ಸ್ಮಶಾನದೊಳಗೆ ಹುಲ್ಲು ಬೆಳೆಸಿದ ಒಂದು ತಣ್ಣನೆಯ ಜಾಗ. ಅಲ್ಲಿ ಕಲ್ಲಿಲ್ಲ, ಹೆಸರಿಲ್ಲ. ಆಳುಗಳು ಯಾರೂ ಇಲ್ಲದ ಹೊತ್ತು ನೋಡಿ ಹುಲ್ಲಿನ ಹಾಸು ಎತ್ತಿ, ಬೂದಿ ಸುರಿದು, ಮತ್ತೆ ಮುಚ್ಚುತ್ತಾರೆ. ಮನೆಯವರಿದ್ದರೂ ಕರೆಯುವುದಿಲ್ಲ, ಯಾವ ಜಾಗವೆಂದು ಯಾರಿಗೂ ಹೇಳುವುದಿಲ್ಲ. ಅದೇ ಬೇಕೆಂದು ಬರೆದಿಟ್ಟು ಸಾಯುವವರೂ ಬೇಕಾದಷ್ಟು ಜನ ಇದ್ದಾರೆ. ಎವರ್ಟ್ ಹಾಗೆ ಬರೆದಿಟ್ಟಿರಲಿಲ್ಲ. ಚಳಿಗೆ ಗಟ್ಟಿಯಾದ ನೆಲ ಸಡಿಲವಾಗುವವರೆಗೆ ಅವನ ಬೂದಿಯ ಕುಡಿಕೆ ಸ್ಮಶಾನದ ಕಪಾಟಿನಲ್ಲಿ ಕೂತಿತು.

ಮೇ ತಿಂಗಳ ಎರಡನೇ ಮಂಗಳವಾರ ಬೆಳಿಗ್ಗೆ ಇಂಗೆಲಾಳ ಫೋನ್ ರಿಂಗಾಯಿತು.

"ನಾನು ಮಾಯ್ಕೆನ್ ಬೆರ್ಗ್. ಗ್ರೋಹೋಲ್ಮೆನ್ ದ್ವೀಪದಿಂದ" ಎಂದಿತು ಒಂದು ವಯಸ್ಸಾದ ದನಿ. "ಎವರ್ಟ್ ಸಾಂದಿನ್ ತೀರಿಕೊಂಡಿದಾನೆ ಅಂತ ತೆರಿಗೆ ಕಚೇರಿ ಹುಡುಗಿ ಹೇಳಿದ್ಲು. ಎರಡೇ ನಿಮಿಷ ಹಿಡೀತು ಅವಳಿಗೆ. ಅವನು ನಮ್ಮಪ್ಪ."

ಇಂಗೆಲಾ ಕಡತ ತೆರೆದಳು. "ನಮ್ಮ ದಾಖಲೇಲಿ ಅವರಿಗೆ ಮಕ್ಕಳಿಲ್ಲ."

"ದಾಖಲೇಲಿ ಇರಲ್ಲ. ನಮ್ಮಮ್ಮ ಹುಲ್ದಾ, ಓಲೋಫ್ ಅನ್ನೋನ ಹೆಂಡತಿ. ಆ ಮನುಷ್ಯ ಹಡಗು ಹತ್ತಿ ಹೋಗಿ ಮೂರು ವರ್ಷ ಆದ್ಮೇಲೆ ನಾನು ಹುಟ್ಟಿದ್ದು. ಆದ್ರೂ ಪಾದ್ರಿ ಚರ್ಚಿನ ಜನನ ಪುಸ್ತಕದಲ್ಲಿ ಓಲೋಫನ ಹೆಸರೇ ಬರೆದ. ಗಂಡ ಇರೋವಾಗ ಬೇರೆ ಯಾರ ಹೆಸರು ಬರೀತಾನೆ? ಓಲೋಫ್ ವಿಚ್ಛೇದನ ಕೊಡ್ಲಿಲ್ಲ, ಅಪ್ಪ ಬೇರೆ ಮದುವೆ ಆಗ್ಲಿಲ್ಲ. ಪ್ರತಿ ಶನಿವಾರ ದೋಣಿ ಹತ್ತಿ ನಮ್ಮಲ್ಲಿಗೆ ಬರ್ತಿದ್ದ."

"ಇಷ್ಟು ದಿನ ನೀವು ಅವರನ್ನ ವಿಚಾರಿಸಲಿಲ್ವಾ?"

ಕೇಳಬಾರದಿತ್ತು. ಕೇಳಿದ ಮೇಲೆ ಇಂಗೆಲಾಗೂ ಹಾಗೆ ಅನ್ನಿಸಿತು.

"ಜನವರೀಲಿ ಬಿದ್ದು ಸೊಂಟ ಮುರ್ಕೊಂಡೆ. ಏಪ್ರಿಲ್ ಕೊನೇವರೆಗೂ ಆಸ್ಪತ್ರೆ. ಅಲ್ಲಿಂದ ನಾಲ್ಕು ಸಲ ಫೋನ್ ಮಾಡ್ದೆ, ರಿಂಗ್ ಆಗ್ತಿತ್ತು. ಅವನಿಗೆ ಕಿವಿ ಮಂದ, ಎಷ್ಟೋ ಸಲ ಎತ್ತಲ್ಲ. ಚಳಿಗಾಲದಲ್ಲಿ ದ್ವೀಪಕ್ಕೆ ಬರಲ್ಲ. ಮೇ ಮೊದಲನೇ ಶನಿವಾರ ದೋಣಿಗೆ ಡಾಂಬರು ಬಳಿಯೋಕೆ ಬಂದೇ ಬರ್ತಾನೆ. ಮೊನ್ನೆ ಶನಿವಾರ ಕಡವಿನಲ್ಲಿ ನಿಂತು ಮೂರು ದೋಣಿ ನೋಡ್ದೆ. ಇಳೀಲಿಲ್ಲ. ಬೂದಿ ಎಲ್ಲಿದೆ?"

"ನೆನಪಿನ ತೋಪಿಗೆ ಅಂತ ತೀರ್ಮಾನ ಆಗಿದೆ."

"ಇನ್ನೂ ಹಾಕಿಲ್ಲ ತಾನೆ?"

"ಇನ್ನೂ ಇಲ್ಲ. ಈ ತಿಂಗಳಲ್ಲಿ ಹಾಕ್ತಾರೆ."

"ಹಾಗಾದ್ರೆ ನಿಲ್ಸಿ. ಅಮ್ಮನ ಪಕ್ಕ ಅವನಿಗೆ ಜಾಗ ಇದೆ. ಅಮ್ಮ ಸತ್ತಾಗಲೇ ಕಲ್ಲಿನ ಮೇಲೆ ತನ್ನ ಹೆಸರನ್ನೂ ಕೆತ್ತಿಸಿಟ್ಟಿದಾನೆ. ಸತ್ತ ದಿನ ಒಂದು ಬರೆಸೋದು ಬಾಕಿ. ಬೇರೇನೂ ಬೇಡ ನನಗೆ, ಅವನ ಕುರ್ಚಿ ಬೇಡ, ಚಮಚ ಬೇಡ. ಬೂದಿ ಕೊಡಿ."

ಕುಡಿಕೆಯನ್ನು ತಡೆಹಿಡಿಯಲು ಇಂಗೆಲಾ ಮಾಡಬೇಕಾಗಿದ್ದುದು ಒಂದು ಫೋನ್. ಸ್ಮಶಾನದವರು ಕಾರಣ ಕೂಡ ಕೇಳುತ್ತಿರಲಿಲ್ಲ. ಆದರೆ ಅವಳಿಗೆ ಹನ್ನೆರಡು ವರ್ಷದ ಹಿಂದಿನ ಒಂದು ಪೆಟ್ಟು ನೆನಪಿತ್ತು. ಆಗ ಒಬ್ಬ ತಾನು ಸೋದರಳಿಯನೆಂದು ಅತ್ತು ಕರೆದು ಒಬ್ಬಾಕೆಯ ಬೂದಿ ತೆಗೆದುಕೊಂಡು ಹೋಗಿದ್ದ. ಆಮೇಲೆ ನಿಜವಾದ ತಂಗಿ ಬಂದು ಕಚೇರಿಯಲ್ಲಿ ಕಿರುಚಾಡಿದ್ದಳು. ಅವತ್ತೇ ಇಂಗೆಲಾ ಮೊದಲು ಕಾಗದ, ಆಮೇಲೆ ಕಣ್ಣೀರು ಎಂದು ತನಗೆ ತಾನೇ ಒಂದು ನಿಯಮ ಹಾಕಿಕೊಂಡಿದ್ದಳು.

"ನೀವು ಅವರ ಮಗಳು ಅನ್ನೋದಕ್ಕೆ ಕಾಗದ ಏನಾದ್ರೂ ಇದೆಯಾ?"

"ದೋಣಿಮನೆ ಜಾಗ ನಮ್ಮಿಬ್ಬರ ಹೆಸರಲ್ಲೇ ಇದೆ. ಸರ್ವೆ ನಂಬರು ಬರ್ಕೊಳ್ಳಿ: ಗ್ರೋಹೋಲ್ಮೆನ್ ಒಂದು, ನಲವತ್ತೇಳು. ನಾನು ಆರು ವರ್ಷದವಳಿದ್ದಾಗ ತಗೊಂಡಿದ್ದು."

ಇಂಗೆಲಾ ಒಂದು ಚೀಟಿಯಲ್ಲಿ ಬರೆದುಕೊಂಡಳು. ಬರೆದುಕೊಂಡು, ಮಾಮೂಲಿನಂತೆ, ಆಸ್ತಿ ದಾಖಲೆಯಲ್ಲಿ ಎವರ್ಟನ ಜನ್ಮಸಂಖ್ಯೆಯನ್ನೇ ಒತ್ತಿದಳು. ಮೂವತ್ತೊಂದು ವರ್ಷ ಕೈ ಹಾಗೇ ಓಡಿತ್ತು, ಆ ದಿನವೂ ಹಾಗೇ ಓಡಿತು. ಏನೂ ಸಿಗಲಿಲ್ಲ.

"ಅವರ ಹೆಸರಲ್ಲಿ ಜಾಗ ಇಲ್ವಲ್ಲ."

"ಇದೆ. ನಾನು ಅದರ ಕಟ್ಟೆ ಮೇಲೇ ಕೂತು ಬೆಳೆದೋಳು."

"ಪತ್ರದ ನಕಲು ಕಳಿಸಿ. ಬಂದ ಮೇಲೆ ನೋಡೋಣ."

"ಅಂಚೆಗೆ ಹಾಕಿದ್ರೆ ಬರೋದು ಶುಕ್ರವಾರ. ಒಂದು ವಾರ ತಡೀರಿ ಅಂತ ಅವರಿಗೆ ಒಂದು ಮಾತು ಹೇಳಿ ಸಾಕು. ನಾನು ನಾಳೆಯೇ ಗುಂಡಿ ತೋಡ್ಸಿ ಇಡ್ತೀನಿ."

"ಮಾತಿನ ಮೇಲೆ ನಾನು ಏನೂ ಮಾಡೋ ಹಾಗಿಲ್ಲ" ಎಂದಳು ಇಂಗೆಲಾ. ಒರಟಾಗಿ ಹೇಳಲಿಲ್ಲ, ಮೆತ್ತಗೇ ಹೇಳಿದಳು. ಮೆತ್ತಗೆ ಹೇಳಿದೆ ಎಂಬ ಸಮಾಧಾನದಿಂದಲೇ ಫೋನ್ ಇಟ್ಟು ಕಾಫಿ ತರಲು ಎದ್ದಳು.

ಬುಧವಾರ ಬೇರೆ ಎರಡು ಸಾವು ಬಂದವು, ದಿನ ಅದರಲ್ಲೇ ಹೋಯಿತು. ಗುರುವಾರ ಬೆಳಿಗ್ಗೆ ಹತ್ತು ಗಂಟೆಯ ಕಾಫಿಗೆ ತೂರೆ ದಾಲ್ಚಿನ್ನಿ ಬನ್ನು ಹಿಡಿದು ಅವಳ ಮೇಜಿನ ಅಂಚಿನಲ್ಲಿ ಕೂತ.

"ಮೊನ್ನೆ ಯಾರೋ ಫೋನ್ ಮಾಡಿದ್ರು ಅಂದ್ಯಲ್ಲ, ದ್ವೀಪದೋಳು. ಅವಳಿಗೆ ಆ ಬೆಂಡಿನ ಬೀಗದ ಕೈ ಕಳ್ಸಿದ್ಯಾ?"

"ಅವಳಿಗ್ಯಾಕೆ?"

"ದೋಣಿಮನೆ ಅವಳದು ಅಂದ್ಲು ಅಂದ್ಯಲ್ಲ ಮಾರಾಯ್ತಿ. ಬೀಗ ಅಲ್ಲಿದೆ, ಬೀಗದ ಕೈ ಇಲ್ಲಿದೆ. ಇದಕ್ಕೂ ಅರ್ಜಿ ಬೇಕಾ?"

ಇಂಗೆಲಾ ನಗಲಿಲ್ಲ. ಅವಳ ಕಣ್ಣು ಕಾಫಿ ಬಟ್ಟಲಿನ ಕೆಳಗೆ ಅಂಟಿಕೊಂಡಿದ್ದ ಚೀಟಿಯ ಮೇಲೆ ಬಿತ್ತು. ಅವಳದೇ ಕೈಬರಹ: ಗ್ರೋಹೋಲ್ಮೆನ್ 1:47. ಅವಳು ಚೀಟಿ ಎಳೆದು, ಮನುಷ್ಯನ ಸಂಖ್ಯೆ ಬಿಟ್ಟು ಜಾಗದ ಸಂಖ್ಯೆಯನ್ನು ಒತ್ತಿದಳು. ಪರದೆಯ ಮೇಲೆ ಎರಡು ಹೆಸರು ಬಂದವು. ಎವರ್ಟ್ ಸಾಂದಿನ್, ಅರ್ಧ. ಮಾಯ್ಕೆನ್ ಬೆರ್ಗ್, ಅಪ್ರಾಪ್ತೆ, ಅರ್ಧ. ಜನ್ಮಸಂಖ್ಯೆಯ ಅಂಕಣ ಎರಡು ಕಡೆಯೂ ಖಾಲಿ. ಅರವತ್ತು ವರ್ಷದ ಹಿಂದೆ ಕೈಯಲ್ಲಿ ಬರೆದಿದ್ದ ಪುಸ್ತಕವನ್ನು ಯಂತ್ರಕ್ಕೆ ಏರಿಸಿದವರು ಅಂಥ ಹಳೇ ಸಣ್ಣಪುಟ್ಟ ಜಾಗಗಳಿಗೆ ಸಂಖ್ಯೆ ಸೇರಿಸುವ ಗೋಜಿಗೆ ಹೋಗಿರಲಿಲ್ಲ. ಸಂಖ್ಯೆ ಹಾಕಿ ಹುಡುಕಿದವರಿಗೆ ಅದು ಪ್ರಳಯದವರೆಗೂ ಸಿಗುತ್ತಿರಲಿಲ್ಲ.

ಕ್ರಯಪತ್ರದ ಚಿತ್ರವೂ ಅಲ್ಲೇ ಇತ್ತು. ಕೊಂಡವನ ಮಾತನ್ನು ಗುಮಾಸ್ತ ಇದ್ದ ಹಾಗೇ ಬರೆದುಕೊಂಡಿದ್ದ: ನಾನು, ಕ್ರೇನ್ ಕೆಲಸದ ಎವರ್ಟ್ ಸಾಂದಿನ್, ನನಗೂ ನನ್ನ ಮಗಳು ಮಾಯ್ಕೆನಳಿಗೂ. ಪಾದ್ರಿ ಬರೆಯದಿದ್ದುದನ್ನು ಜಮೀನು ಕಚೇರಿಯ ಗುಮಾಸ್ತ ಬರೆದಿಟ್ಟಿದ್ದ. ಅದು ಅರವತ್ತು ವರ್ಷದಿಂದ ಯಾರು ಬೇಕಾದರೂ ನೋಡಬಹುದಾದ ಜಾಗದಲ್ಲೇ ಇತ್ತು.

ಇಂಗೆಲಾ ಕೂಡಲೇ ಸ್ಮಶಾನಕ್ಕೆ ಫೋನ್ ಮಾಡಿದಳು. ಅಲ್ಲಿನ ಮೇಸ್ತ್ರಿ ಲೆನ್ನಾರ್ಟ್ ಎತ್ತಿದ.

"ಸಾಂದಿನ್ ಕುಡಿಕೆ ತಡೀರಿ. ಎವರ್ಟ್ ಸಾಂದಿನ್."

ಪುಟ ತಿರುವುವ ಸದ್ದು. "ಅದು ಇವತ್ತು ಬೆಳಿಗ್ಗೆ ಏಳಕ್ಕೇ ಆಯ್ತಲ್ಲ. ಇವತ್ತು ಆರು ಜನರದಿತ್ತು."

"ಎಲ್ಲಿ ಹಾಕಿದ್ರಿ?"

"ತೋಪಲ್ಲಿ."

"ತೋಪಲ್ಲಿ ಎಲ್ಲಿ ಲೆನ್ನಾರ್ಟ್?"

"ಅದನ್ನ ಕೇಳೋ ಹಾಗಿಲ್ಲ ಅಂತ ನಿಮಗೆ ನಾನು ಹೇಳ್ಬೇಕಾ? ಹೇಳೋ ಹಾಗಿದ್ರೂ ಪ್ರಯೋಜನ ಇಲ್ಲ. ಆರು ಜನರದ್ದೂ ಒಂದೇ ಹಾಸಿನ ಕೆಳಗೆ ಹೋಗಿದೆ. ಮೇಲೆ ನೀರು ಬಿಟ್ಟಾಯ್ತು. ಈಗ ಯಾರದು ಯಾವುದು ಅಂತ ದೇವರೇ ಬಂದ್ರೂ ಬೇರೆ ಮಾಡೋಕಾಗಲ್ಲ."

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಮೂರು ಗಂಟೆಯಷ್ಟೇ ತಡ. ಮಂಗಳವಾರದಿಂದ ಎಣಿಸಿದರೆ ಒಂದು ಫೋನಿನಷ್ಟೇ ತಡ. ಇಂಗೆಲಾ ಕಚೇರಿಯ ಶೌಚಾಲಯಕ್ಕೆ ಹೋಗಿ ಬಾಗಿಲು ಹಾಕಿಕೊಂಡು ಅತ್ತಳು. ಅತ್ತು, ಮುಖ ತೊಳೆದು, ಬಂದು ಗ್ರೋಹೋಲ್ಮೆನ್‌ಗೆ ಫೋನ್ ಮಾಡಿದಳು. ತಪ್ಪು ನನ್ನದು ಎಂದು ಹೇಳಿದಳು, ಏನನ್ನೂ ಮುಚ್ಚಿಡಲಿಲ್ಲ. ಮಾಯ್ಕೆನ್ ಪೂರ್ತಿ ಕೇಳಿಸಿಕೊಂಡಳು.

"ನಿನ್ನೆ ಗುಂಡಿ ತೋಡ್ಸಿದೀನಿ" ಎಂದಳು ಕೊನೆಗೆ, ಅಷ್ಟೇ. ಆಮೇಲೆ ಫೋನ್ ಕಡಿದುಹೋಯಿತು.

ಶನಿವಾರ ಇಂಗೆಲಾ ಕವರನ್ನು ಚೀಲದಲ್ಲಿಟ್ಟುಕೊಂಡು ಹೊರಟಳು. "ಹೋಗ್ಬೇಡ, ಹೋಗಿ ಏನ್ ಹೇಳ್ತೀಯ, ಅಂಚೇಲಿ ಕಳ್ಸು" ಎಂದು ತೂರೆ ಹೇಳಿದ್ದ. ಅಂಚೆಯಲ್ಲಿ ಕಳಿಸುವಷ್ಟು ಗಟ್ಟಿ ಮುಖ ಅವಳಿಗೆ ಇರಲಿಲ್ಲ. ದೋಣಿಯಲ್ಲಿ ನಲವತ್ತು ನಿಮಿಷದ ದಾರಿ. ಗಾಳಿ ಜೋರಾಗಿತ್ತು. ಕಡವಿನಲ್ಲಿ ಊರುಗೋಲು ಹಿಡಿದು ಒಬ್ಬ ಹೆಂಗಸು ನಿಂತಿದ್ದಳು. ತಾನು ಬರುವುದಾಗಿ ಇಂಗೆಲಾ ಯಾರಿಗೂ ತಿಳಿಸಿರಲಿಲ್ಲ. ಶನಿವಾರದ ದೋಣಿಗೆ ಬಂದು ನಿಲ್ಲುವುದು ಆಕೆಯ ರೂಢಿ, ಅಷ್ಟೇ. ಫೋಟೊದಲ್ಲಿದ್ದ ಹಲ್ಲು ಬಿದ್ದ ಹುಡುಗಿಯ ಅದೇ ಅಗಲ ಹಣೆಯನ್ನು ಇಂಗೆಲಾ ಗುರುತು ಹಿಡಿದಳು. ಮೊದಲ ಸಲ ಯಾವ ಸಂಖ್ಯೆಯೂ ಇಲ್ಲದೆ ಅವಳಿಗೆ ಒಬ್ಬರ ಗುರುತು ಸಿಕ್ಕಿತ್ತು.

"ನಾನು ನಗರಸಭೆಯಿಂದ. ಇಂಗೆಲಾ."

ಮಾಯ್ಕೆನ್ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಇಂಗೆಲಾಗೆ ಒಳ್ಳೆಯದಾಗುತ್ತಿತ್ತು. "ಬನ್ನಿ" ಎಂದು ಚರ್ಚಿನ ಏರಿನ ಕಡೆ ನಡೆದಳು. ಸೊಂಟದ ನೋವಿಗೆ ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದಳು. ಅವಳು ನಿಂತಲ್ಲೆಲ್ಲ ಇಂಗೆಲಾಳೂ ನಿಂತಳು.

ಸಮಾಧಿಯ ಕಲ್ಲು ಗಿಡ್ಡಗಿತ್ತು. ಮೇಲೆ ಹುಲ್ದಾ, ಹುಟ್ಟಿದ ವರ್ಷ, ಸತ್ತ ವರ್ಷ. ಕೆಳಗೆ ಎವರ್ಟ್, ಹುಟ್ಟಿದ ವರ್ಷ, ಒಂದು ಗೀಟು, ಆಮೇಲೆ ಬರಿ ಕಲ್ಲು. ಕಲ್ಲಿನ ಬುಡದಲ್ಲಿ ಕುಡಿಕೆ ಹಿಡಿಯುವಷ್ಟು ಚೌಕ ಗುಂಡಿ ಬಾಯಿ ತೆರೆದುಕೊಂಡಿತ್ತು. ಪಕ್ಕದಲ್ಲಿ ಮಣ್ಣಿನ ಗುಡ್ಡೆಯಿತ್ತು, ಅದರ ಮೇಲೆ ಹಲಗೆ ಮುಚ್ಚಿತ್ತು.

ಇಂಗೆಲಾ ಕವರು ಕೊಟ್ಟಳು. ಮಾಯ್ಕೆನ್ ಫೋಟೊವನ್ನು ನೋಡಿ ಕೋಟಿನ ಒಳಗೆ ಇಟ್ಟುಕೊಂಡಳು. ಬೀಗದ ಕೈಯನ್ನು ಹಿಡಿದು ಬೆಂಡಿನ ಮೇಲೆ ಹೆಬ್ಬೆರಳು ಆಡಿಸಿದಳು.

"ನಾನು ಕಟ್ಟಿದ್ದು ಇದು. ಏಳು ವರ್ಷದೋಳಿದ್ದಾಗ. ಅವನು ಎರಡು ಬೀಗದ ಕೈ ನೀರಿಗೆ ಬೀಳ್ಸಿದ್ದ." ಅವಳು ಕವರಿನ ಮೇಲಿದ್ದ ಬರಹವನ್ನು ಓದಿದಳು: ಯಾವ ಬೀಗದ್ದೆಂದು ತಿಳಿಯದು, ಯಾರದೆಂದು ತಿಳಿಯದು. ಓದಿ, ಕವರನ್ನು ಇಂಗೆಲಾಗೇ ವಾಪಸು ಕೊಟ್ಟಳು.

"ಕಲ್ಲು ಕೆತ್ತೋನು ಸೋಮವಾರ ಬರ್ತಾನೆ. ಯಾವ ದಿನ ಬರೆಸ್ಲಿ?"

"ದಾಖಲೇಲಿ ಮಾರ್ಚ್ ಒಂಬತ್ತು ಅಂತಿದೆ."

"ಅದು ನಿಮಗೆ ಸಿಕ್ಕಿದ ದಿನ. ಅವನು ಸತ್ತ ದಿನ ಕೇಳ್ದೆ ನಾನು."

ಅದು ಯಾವ ದಾಖಲೆಯಲ್ಲೂ ಇರಲಿಲ್ಲ. ಯಾವಾಗ ಸತ್ತನೆಂದು ವೈದ್ಯರೂ ಖಚಿತವಾಗಿ ಬರೆದಿರಲಿಲ್ಲ. "ಫೆಬ್ರುವರಿ ಎರಡು" ಎಂದಳು ಇಂಗೆಲಾ. "ಅಡುಗೆಮನೆ ಕ್ಯಾಲೆಂಡರಲ್ಲಿ ಅಲ್ಲಿಗೇ ನಿಂತಿತ್ತು. ಮೂರನೇ ತಾರೀಖಿನ ಪತ್ರಿಕೆ ಬಾಗಿಲ ಹಿಂದೆ ಹಾಗೇ ಬಿದ್ದಿತ್ತು. ಎರಡರ ರಾತ್ರಿನೋ, ಮೂರರ ಬೆಳಿಗ್ಗೆನೋ. ಎರಡು ಅಂತ ನನಗನ್ಸುತ್ತೆ."

ಮಾಯ್ಕೆನ್ ಬೆರಳು ಮಡಚಿ ಎಣಿಸಿದಳು. "ನಾಲ್ಕು ಸಲ ಫೋನ್ ಮಾಡಿದ್ನಲ್ಲ. ನಾಲ್ಕೂ ಅದಾದ ಮೇಲೆ. ಹೆಣಕ್ಕೆ ಫೋನ್ ಮಾಡಿ, ಎತ್ತಲ್ಲ ಮುದುಕ ಅಂತ ಬೈಕೋತಿದ್ದೆ" ಎಂದಳು. ಕಲ್ಲಿನ ತಲೆಯ ಮೇಲೆ ಕೈ ಊರಿದಳು. ಇಂಗೆಲಾಗೆ ಅವಳ ಭುಜ ಮುಟ್ಟಬೇಕೆನ್ನಿಸಿತು, ಧೈರ್ಯವಾಗಲಿಲ್ಲ.

"ಬರೆದು ಕೊಡಿ" ಎಂದಳು ಮಾಯ್ಕೆನ್.

"ಏನನ್ನ?"

"ಆ ತಾರೀಖು. ಕಾಗದ ತೋರಿಸದೆ ಕಲ್ಲಿನೋನು ಕೆತ್ತಲ್ಲ. ಅವನೂ ನಿಮ್ಮ ಹಾಗೇ."

ಇಂಗೆಲಾ ಚೀಲದಲ್ಲಿ ಹುಡುಕಿದಳು. ಬೇರೆ ಹಾಳೆ ಇರಲಿಲ್ಲ. ಅದೇ ಕವರನ್ನು ತಿರುಗಿಸಿ, ಮೊಣಕಾಲ ಮೇಲಿಟ್ಟುಕೊಂಡು ಬರೆದಳು: ಎವರ್ಟ್ ಸಾಂದಿನ್ ಫೆಬ್ರುವರಿ ಎರಡರಂದು ತೀರಿಕೊಂಡರು. ಕೆಳಗೆ ತನ್ನ ಹೆಸರು, ಹುದ್ದೆ, ರುಜು. ಆಧಾರಕ್ಕೆ ಯಾವ ದಾಖಲೆಯೂ ಇಲ್ಲದೆ ಅವಳು ರುಜು ಹಾಕಿದ್ದು ಮೂವತ್ತೊಂದು ವರ್ಷದಲ್ಲಿ ಅದೇ ಮೊದಲು.

ಮಾಯ್ಕೆನ್ ಅದನ್ನು ತೆಗೆದುಕೊಂಡು ನಿಧಾನವಾಗಿ ಓದಿದಳು.

"ಇದು ನಿಮಗೆ ಅನ್ನಿಸಿದ್ದು. ಅಲ್ವಾ?"

"ಹೌದು."

"ಇದಕ್ಕೆ ಆಧಾರ ಏನೂ ಇಲ್ಲ."

"ಇಲ್ಲ."

"ಆದ್ರೂ ಇದು ಕಲ್ಲಿನ ಮೇಲೆ ಹೋಗುತ್ತೆ." ಮಾಯ್ಕೆನ್ ಕವರನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟಳು. "ನಿಮ್ಮ ಬರೀ ಮಾತನ್ನ ನಾನು ಇಲ್ಲಿ ನಿಂತು ನಂಬ್ದೆ, ಇಂಗೆಲಾ. ಮಂಗಳವಾರ ನಾನು ಕೇಳಿದ್ದೂ ಅಷ್ಟೇ."

ಮಾಯ್ಕೆನ್ ಊರುಗೋಲನ್ನು ಕಲ್ಲಿಗೆ ಒರಗಿಸಿ, ಹಲಗೆ ಸರಿಸಿ, ಸೊಂಟ ಬಗ್ಗದಿದ್ದುದರಿಂದ ಕಾಲಿನಿಂದಲೇ ಮಣ್ಣನ್ನು ಗುಂಡಿಗೆ ತಳ್ಳತೊಡಗಿದಳು. ಇಂಗೆಲಾ ಮಂಡಿಯೂರಿ ಕೈಯಿಂದ ಮಣ್ಣು ಎಳೆಯಲು ಹೋದಳು.

"ಬೇಡ, ಬಿಡಿ" ಎಂದಳು ಮಾಯ್ಕೆನ್. "ನಿಮ್ಮ ದೋಣಿ ಹೊರಡೋ ಹೊತ್ತಾಯ್ತು."